ನೆಲವೋ ತತ್ವವೋ: ಅಮೆರಿಕದ ಸಂಪ್ರದಾಯವಾದಿ ಚಿಂತನೆಯಲ್ಲಿ ಯುದ್ಧದ ಪ್ರಶ್ನೆ

ಇಂಗ್ಲಿಷಿನ ‘ಕನ್ಸರ್ವೇಟಿವ್’ ಎಂಬ ಪದಕ್ಕೆ ಕನ್ನಡದಲ್ಲಿ ‘ಸಂಪ್ರದಾಯವಾದಿ’ ಎಂಬ ಸಂವಾದಿ ಪದ ರೂಢಿಯಲ್ಲಿದೆ. ಪತ್ರಿಕೆಗಳು ಇದರೊಂದಿಗೆ ‘ಬಲಪಂಥೀಯ’ ಎಂಬುದನ್ನೂ ಬಳಸುತ್ತವೆ. ಈ ಪದಗಳು ತಮ್ಮದೇ ಆದ ಚರಿತ್ರೆಯನ್ನು ಹೊತ್ತುಕೊಂಡೇ ಬರುತ್ತವೆ ಎಂಬುದನ್ನು ಮರೆಯಲಾಗದು. ನವೋದಯದಿಂದ ನವ್ಯದವರೆಗಿನ ಕನ್ನಡದ ವಾಗ್ವಾದಗಳಲ್ಲಿ ಸಂಪ್ರದಾಯವಾದಿ ಎಂದರೆ ಮಡಿ ಮೈಲಿಗೆಯನ್ನು ಬಿಡದವನು, ವಿಧವಾವಿವಾಹವನ್ನು ಒಪ್ಪದವನು, ಜಾತಿಯ ಶ್ರೇಣಿಯನ್ನು ಕಾಯುವವನು. ಈ ಅರ್ಥಚ್ಛಾಯೆಯನ್ನು ಹಾಗೆಯೇ ಅಮೆರಿಕದ ರಾಜಕಾರಣಕ್ಕೆ ಹೊದಿಸಿದಾಗ ಅಲ್ಲಿನ ಸಂಪ್ರದಾಯವಾದಿಗಳೆಲ್ಲ ಒಂದೇ ಗುಂಪಾಗಿ, ಆ ಗುಂಪು ಸಹಜವಾಗಿಯೇ ಯುದ್ಧಪ್ರಿಯವಾಗಿ ತೋರತೊಡಗುತ್ತದೆ. ‘ಸಾಮ್ರಾಜ್ಯಶಾಹಿ ಅಮೆರಿಕ’ ಎಂಬ ಇನ್ನೊಂದು ಸಿದ್ಧ ಪದಪುಂಜ ಉಳಿದ ಕೆಲಸವನ್ನು ಮುಗಿಸುತ್ತದೆ. ಇದರ ಪರಿಣಾಮವಾಗಿ, ಕಳೆದ ಕಾಲು ಶತಮಾನದಲ್ಲಿ ಅಮೆರಿಕದ ಪಕ್ಷವ್ಯವಸ್ಥೆಯನ್ನೇ ಅಲುಗಾಡಿಸಿದ ಒಂದು ಜಗಳ, ಅಂದರೆ ಯುದ್ಧದ ವಿಷಯದಲ್ಲಿ ಸಂಪ್ರದಾಯವಾದಿಗಳು ಸಂಪ್ರದಾಯವಾದಿಗಳೊಂದಿಗೇ ನಡೆಸಿದ ಜಗಳ, ಕನ್ನಡದ ವೈಚಾರಿಕ ಬರವಣಿಗೆಯೊಳಕ್ಕೆ ಬಹುಮಟ್ಟಿಗೆ ಪ್ರವೇಶವನ್ನೇ ಪಡೆಯಲಿಲ್ಲ.

ಈ ಜಗಳದ ಬೇರು ಅಮೆರಿಕಕ್ಕಿಂತ ಹಳೆಯದು. ಅದರ ಒಂದು ಎಳೆ ಮೈಸೂರಿನವರೆಗೂ ಚಾಚಿಕೊಂಡಿದೆ ಎಂಬುದು ಕನ್ನಡದ ಸಂಶೋಧಕರಿಗೆ ಕುತೂಹಲಕರವಾಗಬಹುದು. ಆಧುನಿಕ ಸಂಪ್ರದಾಯವಾದದ ಆದ್ಯ ಚಿಂತಕನೆಂದು ಪರಿಗಣಿತನಾದ ಎಡ್ಮಂಡ್ ಬರ್ಕ್ 1785ರ ಫೆಬ್ರುವರಿಯಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಆರ್ಕಾಟಿನ ನವಾಬನ ಸಾಲಗಳನ್ನು ಕುರಿತು ಸುದೀರ್ಘವಾದ ಭಾಷಣವೊಂದನ್ನು ಮಾಡಿದನು. ಇಂದಿನ ತಮಿಳುನಾಡಿನ ಭಾಗವಾದ ಅಂದಿನ ಕರ್ನಾಟಿಕ್ ಪ್ರಾಂತದ ಮೇಲೆ ಹೈದರಾಲಿ 1780ರಲ್ಲಿ ನಡೆಸಿದ ದಾಳಿಯ ವರ್ಣನೆ ಆ ಭಾಷಣದ ಪ್ರಸಿದ್ಧ ಭಾಗ. ದಾಳಿಯ ಭೀಕರತೆಯನ್ನು ಬರ್ಕ್ ಉಗ್ರವಾಗಿಯೇ ಚಿತ್ರಿಸಿದ್ದಾನೆ. ಆದರೆ ಅವನ ಆರೋಪದ ಮೊನೆ ಇರುವುದು ಹೈದರನ ಕಡೆಗಲ್ಲ. ಆ ಅನಾಹುತವನ್ನು ಬರಮಾಡಿಕೊಂಡ ಕಂಪನಿಯ ನೌಕರರ ಕಡೆಗೆ, ನವಾಬನಿಗೆ ಸಾಲ ಕೊಟ್ಟು ಕೊಬ್ಬಿದ ಇಂಗ್ಲಿಷರ ಕಡೆಗೆ. 1788ರಿಂದ 1795ರವರೆಗೆ ನಡೆದ ವಾರನ್ ಹೇಸ್ಟಿಂಗ್ಸನ ವಿಚಾರಣೆಯಲ್ಲಿ ಈ ವಾದ ಇನ್ನಷ್ಟು ವಿಸ್ತಾರವನ್ನು ಪಡೆಯಿತು. ದೀರ್ಘಕಾಲದಿಂದ ಬೆಳೆದುಬಂದ ಒಂದು ಸಮಾಜಕ್ಕೆ ಅದರದೇ ಆದ ಕಾನೂನು, ಧರ್ಮ, ಮಾನಮರ್ಯಾದೆಗಳಿರುತ್ತವೆ. ದೂರದಲ್ಲಿ ಕುಳಿತ ಅಧಿಕಾರ ಅದನ್ನು ತನ್ನ ಲಾಭಕ್ಕಾಗಿ ಮುರಿಯಬಾರದು, ತನ್ನ ಸಿದ್ಧಾಂತಕ್ಕಾಗಿಯೂ ಮುರಿಯಬಾರದು ಎಂಬುದು ಅವನ ನಿಲುವು. ಫ್ರಾನ್ಸಿನ ಕ್ರಾಂತಿಯನ್ನು ಬರ್ಕ್ ವಿರೋಧಿಸಿದ್ದೂ ಇದೇ ನೆಲೆಯಿಂದ. ಕ್ರಾಂತಿಯನ್ನು ವಿರೋಧಿಸಿದ ಬರ್ಕ್ ಮತ್ತು ಕಂಪನಿಯನ್ನು ವಿರೋಧಿಸಿದ ಬರ್ಕ್ ಇಬ್ಬರು ವ್ಯಕ್ತಿಗಳೆಂಬಂತೆ ಓದುವ ರೂಢಿಯೊಂದಿದೆ. ಅದು ತಪ್ಪು ಓದು.

ಅಮೆರಿಕದಲ್ಲಿ ಬರ್ಕ್‌ನನ್ನು ಪುನಃ ಪ್ರತಿಷ್ಠಾಪಿಸಿದವರು ರಸೆಲ್ ಕರ್ಕ್. ಅವರ ‘ದಿ ಕನ್ಸರ್ವೇಟಿವ್ ಮೈಂಡ್’ ಪ್ರಕಟವಾದದ್ದು 1953ರಲ್ಲಿ. ಅದೇ ವರ್ಷ ಸಮಾಜಶಾಸ್ತ್ರಜ್ಞ ರಾಬರ್ಟ್ ನಿಸ್ಬೆಟ್ ಅವರ ‘ದಿ ಕ್ವೆಸ್ಟ್ ಫಾರ್ ಕಮ್ಯುನಿಟಿ’ ಕೂಡ ಹೊರಬಂದಿತು. ಯುದ್ಧದ ಪ್ರಶ್ನೆಯ ಮಟ್ಟಿಗೆ ನಿಸ್ಬೆಟ್ ಅವರೇ ಹೆಚ್ಚು ಮುಖ್ಯರು. ಕುಟುಂಬ, ಊರು, ಚರ್ಚು, ವೃತ್ತಿಸಂಘಗಳಂಥ ಚಿಕ್ಕ ಚಿಕ್ಕ ಬಂಧಗಳು ಸಡಿಲವಾದಾಗ ವ್ಯಕ್ತಿ ಮತ್ತು ಪ್ರಭುತ್ವ ಇವೆರಡೇ ಉಳಿಯುತ್ತವೆ ಎಂಬುದು ಅವರ ಮೂಲ ಪ್ರಮೇಯ. ಆ ಬಂಧಗಳನ್ನು ಸಡಿಲಗೊಳಿಸುವ ಶಕ್ತಿಗಳಲ್ಲಿ ಯುದ್ಧದಷ್ಟು ಪರಿಣಾಮಕಾರಿಯಾದುದು ಮತ್ತೊಂದಿಲ್ಲ. ಯುದ್ಧ ತೆರಿಗೆಯನ್ನು ಏರಿಸುತ್ತದೆ, ಯುವಕರನ್ನು ಊರಿನಿಂದ ಕೀಳುತ್ತದೆ, ಅಧಿಕಾರವನ್ನು ರಾಜಧಾನಿಯಲ್ಲಿ ರಾಶಿಹಾಕುತ್ತದೆ. ಮುಗಿದ ಮೇಲೂ ಆ ರಾಶಿ ಕರಗುವುದಿಲ್ಲ. ಈ ಅರ್ಥದಲ್ಲಿ ಯುದ್ಧವು ಸಂಪ್ರದಾಯವನ್ನು ಉಳಿಸುವ ಕ್ರಿಯೆಯಲ್ಲ, ಅದನ್ನು ನಾಶಪಡಿಸುವ ಕ್ರಾಂತಿ. ಎರಡನೆಯ ಮಹಾಯುದ್ಧದಲ್ಲಿ ಸ್ವತಃ ಸೈನಿಕನಾಗಿ ಪೆಸಿಫಿಕ್ ರಂಗವನ್ನು ಕಂಡಿದ್ದ ವಿದ್ವಾಂಸನೊಬ್ಬನ ಈ ವಾದವನ್ನು ಶಾಂತಿವಾದವೆಂದು ತಿಳಿಯಬಾರದು. ಅಹಿಂಸೆಯ ಆದರ್ಶ ಇದರ ಹಿಂದಿಲ್ಲ. ಸಮಾಜದ ಹೆಣಿಗೆಯ ಬಗೆಗಿನ ಆತಂಕವಿದೆ. ಗಾಂಧೀಜಿಯವರ ಮೂಲಕ ಯುದ್ಧವಿರೋಧವನ್ನು ಗ್ರಹಿಸಿದ ಭಾರತೀಯ ಓದುಗನಿಗೆ ಈ ಭೇದ ಸುಲಭವಾಗಿ ಹೊಳೆಯದು.

ರಾಜಕಾರಣದಲ್ಲಿ ಈ ನಿಲುವಿನ ಪ್ರತಿನಿಧಿಯಾಗಿದ್ದವರು ಒಹಾಯೊದ ಸೆನೆಟರ್ ರಾಬರ್ಟ್ ಟಾಫ್ಟ್. ಅವರ ತಂದೆ ಅಮೆರಿಕದ ಅಧ್ಯಕ್ಷರಾಗಿದ್ದವರು, ಅದಕ್ಕೂ ಮುನ್ನ ಫಿಲಿಪ್ಪೀನ್ಸಿನ ಗವರ್ನರ್ ಆಗಿದ್ದವರು. ಮಗ ಮಾತ್ರ ಸಾಗರದಾಚೆಯ ಹೊಣೆಗಳನ್ನು ಜೀವನಪೂರ್ತಿ ಅನುಮಾನದಿಂದಲೇ ನೋಡಿದರು. 1949ರಲ್ಲಿ ನ್ಯಾಟೋ ಒಪ್ಪಂದ ಸೆನೆಟಿನಲ್ಲಿ 82-13 ಮತಗಳಿಂದ ಅಂಗೀಕೃತವಾದಾಗ ಆ ಹದಿಮೂವರಲ್ಲಿ ಟಾಫ್ಟ್ ಒಬ್ಬರು. 1950ರಲ್ಲಿ ಟ್ರೂಮನ್ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಅನುಮತಿಯನ್ನು ಪಡೆಯದೆ ಕೊರಿಯಾಕ್ಕೆ ಸೈನ್ಯವನ್ನು ಕಳುಹಿಸಿದಾಗ, ಯುದ್ಧ ಹೂಡುವ ಅಧಿಕಾರ ಅಧ್ಯಕ್ಷರಿಗೆ ಎಲ್ಲಿಂದ ಬಂದಿತೆಂದು ಪ್ರಶ್ನಿಸಿದವರೂ ಅವರೇ. ಎದುರಾಳಿಗಳು ಇಂಥವರಿಗೆ ‘ಐಸೊಲೇಷನಿಸ್ಟ್’ ಎಂಬ ಹೆಸರನ್ನು ಕೊಟ್ಟರು. ಈ ಪದಕ್ಕೆ ಕನ್ನಡದಲ್ಲಿ ಇಂದಿಗೂ ನೆಲೆನಿಂತ ಸಂವಾದಿ ಇಲ್ಲ. ‘ಪ್ರತ್ಯೇಕತಾವಾದಿ’ ಎಂದರೆ ದೇಶವನ್ನು ಒಡೆಯುವವನಾಗುತ್ತಾನೆ, ‘ಏಕಾಂಗಿವಾದಿ’ ಎಂದರೆ ಸನ್ಯಾಸಿಯಾಗುತ್ತಾನೆ. ಪದವಿಲ್ಲದ ಕಡೆ ಪರಿಕಲ್ಪನೆಯೂ ಜಾರಿಹೋಗುವುದು ಸಹಜ.

1952ರಲ್ಲಿ ಟಾಫ್ಟ್ ಅಧ್ಯಕ್ಷೀಯ ಉಮೇದುವಾರಿಕೆಯನ್ನು ಐಸೆನ್‌ಹೋವರ್‌ಗೆ ಬಿಟ್ಟುಕೊಡಬೇಕಾಯಿತು, ಮರುವರ್ಷ ತೀರಿಕೊಂಡರು. ಅದೇ 1952ರಲ್ಲಿ ವಿಲಿಯಂ ಬಕ್ಲಿ ಎಂಬ ಯುವಕ, ಸೋವಿಯತ್ ಅಪಾಯ ಇರುವವರೆಗೆ ಬೃಹತ್ ಪ್ರಭುತ್ವವನ್ನೂ ಭಾರೀ ಸೈನ್ಯವನ್ನೂ ಭಾರೀ ತೆರಿಗೆಯನ್ನೂ ಸಹಿಸಿಕೊಳ್ಳಲೇಬೇಕು ಎಂದು ಬರೆದಿದ್ದರು. ಮೂರು ವರ್ಷಗಳ ನಂತರ ಅವರು ಸ್ಥಾಪಿಸಿದ ‘ನ್ಯಾಷನಲ್ ರಿವ್ಯೂ’ ಪತ್ರಿಕೆ ಈ ತಾತ್ಕಾಲಿಕ ರಾಜಿಯನ್ನು ಒಂದು ಚಳವಳಿಯ ಧರ್ಮವನ್ನಾಗಿ ಮಾಡಿತು. ಶೀತಲ ಸಮರದ ನಲವತ್ತು ವರ್ಷಗಳ ಕಾಲ ಸಂಪ್ರದಾಯವಾದಿ ಎಂದರೆ ಕಮ್ಯುನಿಸ್ಟ್ ವಿರೋಧಿ, ಕಮ್ಯುನಿಸ್ಟ್ ವಿರೋಧಿ ಎಂದರೆ ಜಗತ್ತಿನೆಲ್ಲೆಡೆ ಸೈನ್ಯವನ್ನು ಇರಿಸುವವನು ಎಂಬ ಸಮೀಕರಣ ಉಂಟಾದದ್ದು ಹೀಗೆ. ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಂಥ ಹೊಸ ಉಪನಗರಗಳಿಗೆ ರಕ್ಷಣಾ ಉದ್ಯಮವೇ ಅನ್ನದ ದಾರಿಯಾಗಿತ್ತು; ಗೋಲ್ಡ್‌ವಾಟರ್ ಮತ್ತು ರೇಗನ್ ಅವರ ರಾಜಕಾರಣಕ್ಕೆ ಅವು ಭದ್ರಕೋಟೆಗಳಾದವು. ಆ ಕೌಂಟಿ 1936ರ ನಂತರ ಮೊದಲ ಬಾರಿಗೆ ಡೆಮಾಕ್ರಟಿಕ್ ಅಭ್ಯರ್ಥಿಯನ್ನು ಆರಿಸಿದ್ದು 2016ರಲ್ಲಿ.

ರಾಜಿಗೆ ತತ್ವದ ಮೆರುಗು ಬಂದದ್ದು ಎಡದಿಂದ ಬಲಕ್ಕೆ ಬಂದವರಿಂದ. ಇರ್ವಿಂಗ್ ಕ್ರಿಸ್ಟಲ್, ‘ಕಾಮೆಂಟರಿ’ಯ ಸಂಪಾದಕ ನಾರ್ಮನ್ ಪೊಡೊರೆಟ್ಜ್, 1979ರಲ್ಲಿ ಸರ್ವಾಧಿಕಾರಗಳ ಬಗೆಗಳನ್ನು ಕುರಿತು ಅದೇ ಪತ್ರಿಕೆಯಲ್ಲಿ ಬರೆದು ರೇಗನ್ನರ ಗಮನ ಸೆಳೆದ ಜೀನ್ ಕರ್ಕ್‌ಪ್ಯಾಟ್ರಿಕ್ ಇವರೆಲ್ಲ ಒಂದು ಕಾಲಕ್ಕೆ ಡೆಮಾಕ್ರಟರೇ. ಇವರನ್ನು ನವಸಂಪ್ರದಾಯವಾದಿಗಳೆಂದು ಕರೆಯಲಾಯಿತು. ಇವರೊಳಗೂ ಭಿನ್ನತೆಗಳಿವೆ. ಸೋವಿಯತ್ ಒಕ್ಕೂಟ ಕುಸಿಯುತ್ತಿದ್ದಾಗ, 1990ರಲ್ಲಿ, ಕರ್ಕ್‌ಪ್ಯಾಟ್ರಿಕ್ ಅವರೇ ಅಮೆರಿಕ ಇನ್ನು ಮುಂದೆ ಒಂದು ಸಾಮಾನ್ಯ ದೇಶವಾಗಿ ಬಾಳಬಹುದೆಂದು ಬರೆದರು. ಆದರೆ ಅವರ ಕಿರಿಯರು ಆ ಸಲಹೆಯನ್ನು ಕೇಳಲಿಲ್ಲ. ಅಮೆರಿಕ ಒಂದು ಭೂಪ್ರದೇಶಕ್ಕಿಂತ ಮಿಗಿಲಾಗಿ ಒಂದು ತತ್ವ, ಸ್ವಾತಂತ್ರ್ಯವೆಂಬ ತತ್ವ, ತತ್ವಕ್ಕೆ ಗಡಿಯಿಲ್ಲ, ಆದ್ದರಿಂದ ಅದನ್ನು ಹರಡುವ ಹೊಣೆಗೂ ಗಡಿಯಿಲ್ಲ ಎಂಬ ತರ್ಕಸರಣಿ ಅವರದು. 2005ರ ಜನವರಿಯಲ್ಲಿ ಜಾರ್ಜ್ ಡಬ್ಲ್ಯೂ. ಬುಷ್ ತಮ್ಮ ಎರಡನೆಯ ಅವಧಿಯ ಪದಗ್ರಹಣ ಭಾಷಣದಲ್ಲಿ ಜಗತ್ತಿನಿಂದ ದಬ್ಬಾಳಿಕೆಯನ್ನೇ ಕೊನೆಗಾಣಿಸುವುದನ್ನು ರಾಷ್ಟ್ರದ ಗುರಿಯಾಗಿ ಸಾರಿದಾಗ ಈ ಸರಣಿ ತನ್ನ ತುದಿಯನ್ನು ಮುಟ್ಟಿತು. ಬರ್ಕ್‌ನನ್ನು ಓದಿಕೊಂಡವರಿಗೆ ಆ ಭಾಷಣದಲ್ಲಿ ಕೇಳಿಸಿದ್ದು ಬರ್ಕ್‌ನ ದನಿಯಲ್ಲ, ಅವನು ವಿರೋಧಿಸಿದ ಪ್ಯಾರಿಸ್ಸಿನ ಕ್ರಾಂತಿಕಾರಿಗಳ ದನಿ.

ಹಳೆಯ ಸಂಪ್ರದಾಯವಾದಿಗಳು ಸುಮ್ಮನಿರಲಿಲ್ಲ. ಕರ್ಕ್ 1991ರ ಕೊಲ್ಲಿ ಯುದ್ಧವನ್ನು ಖಂಡಿಸಿದರು. 1992ರಲ್ಲಿ ಹಾಲಿ ಅಧ್ಯಕ್ಷರ ವಿರುದ್ಧ ಪಕ್ಷದೊಳಗೇ ಸ್ಪರ್ಧಿಸಿದ ಪ್ಯಾಟ್ ಬುಕ್ಯಾನನ್ ಅವರ ಪ್ರಚಾರಕ್ಕೆ ಮಿಷಿಗನ್ನಿನಲ್ಲಿ ನೇತೃತ್ವ ವಹಿಸಿದರು. ನ್ಯೂ ಹ್ಯಾಂಪ್‌ಶೈರಿನಲ್ಲಿ ಬುಕ್ಯಾನನ್ ಶೇ. 37ರಷ್ಟು ಮತಗಳನ್ನು ಪಡೆದದ್ದು ಅಂದು ಒಂದು ವಿಚಿತ್ರ ಅಪವಾದದಂತೆ ಕಂಡಿತು. 2002ರಲ್ಲಿ ಅವರು ಮತ್ತು ಸಂಗಡಿಗರು ‘ದಿ ಅಮೆರಿಕನ್ ಕನ್ಸರ್ವೇಟಿವ್’ ಪತ್ರಿಕೆಯನ್ನು ಆರಂಭಿಸಿದ್ದು ಮುಖ್ಯವಾಗಿ ಇರಾಕ್ ಯುದ್ಧವನ್ನು ವಿರೋಧಿಸುವುದಕ್ಕಾಗಿ. ಆ ವರ್ಷದ ಅಕ್ಟೋಬರಿನಲ್ಲಿ ಯುದ್ಧಾನುಮತಿಯ ನಿರ್ಣಯ ಪ್ರತಿನಿಧಿ ಸಭೆಯಲ್ಲಿ 296-133 ಮತಗಳಿಂದ ಗೆದ್ದಿತು. ವಿರೋಧಿಸಿದ 133 ಮಂದಿಯಲ್ಲಿ ರಿಪಬ್ಲಿಕನ್ನರು ಕೇವಲ ಆರು. ಸೆನೆಟಿನಲ್ಲಿ ಒಬ್ಬರೇ ಒಬ್ಬರು. 2003ರ ವಸಂತದಲ್ಲಿ, ಯುದ್ಧ ನಡೆಯುತ್ತಿದ್ದಾಗಲೇ, ‘ನ್ಯಾಷನಲ್ ರಿವ್ಯೂ’ದಲ್ಲಿ ಡೇವಿಡ್ ಫ್ರಮ್ ಅವರು ಯುದ್ಧವನ್ನು ಒಪ್ಪದ ಸಂಪ್ರದಾಯವಾದಿಗಳನ್ನು ದೇಶಭಕ್ತಿಯಿಲ್ಲದವರೆಂದು ಹೆಸರಿಟ್ಟು ಬಹಿಷ್ಕರಿಸಿದರು. ಭಿನ್ನಮತಕ್ಕೆ ದ್ರೋಹದ ಪಟ್ಟ ಕಟ್ಟುವುದು ಯಾವ ದೇಶದ ಯುದ್ಧಕಾಲಕ್ಕೂ ಹೊಸದಲ್ಲ. ಇಲ್ಲಿ ಗಮನಾರ್ಹವಾದುದೆಂದರೆ ಆ ಪಟ್ಟ ಎಡಪಂಥೀಯರಿಗಲ್ಲದೆ ಬುಕ್ಯಾನನ್ ಅವರಂಥವರಿಗೆ, ನಿಕ್ಸನ್ ಮತ್ತು ರೇಗನ್ ಅವರ ಜೊತೆ ಶ್ವೇತಭವನದಲ್ಲಿ ದುಡಿದವರಿಗೆ ಸಿಕ್ಕಿದುದು.

ಈ ಇಡೀ ವಾಗ್ವಾದವನ್ನು ಒಬ್ಬ ವ್ಯಕ್ತಿಯ ಬಾಳಿನಲ್ಲಿ ಕಾಣಬಹುದಾದರೆ ಆ ವ್ಯಕ್ತಿ ವಾಲ್ಟರ್ ಜೋನ್ಸ್. ಉತ್ತರ ಕ್ಯಾರೊಲೈನಾದ ಈ ಪ್ರತಿನಿಧಿಯ ತಂದೆ ಡೆಮಾಕ್ರಟಿಕ್ ಪಕ್ಷದಿಂದ ಅದೇ ಸಭೆಯಲ್ಲಿ ದೀರ್ಘಕಾಲ ಕುಳಿತಿದ್ದವರು. ಮಗನೂ ಮೊದಲು ಡೆಮಾಕ್ರಟನೇ. 1994ರಲ್ಲಿ ರಿಪಬ್ಲಿಕನ್ ಆಗಿ ಗೆದ್ದರು. ದಕ್ಷಿಣದ ಬಿಳಿಯರು ಒಂದು ಪಕ್ಷದಿಂದ ಇನ್ನೊಂದಕ್ಕೆ ಸರಿದ ಕಥೆ ಇಲ್ಲಿ ಒಂದೇ ಮನೆಯೊಳಗೆ ನಡೆದುಹೋಗಿದೆ. ನೌಕಾದಳದ ಯೋಧರ ಬೃಹತ್ ನೆಲೆಯಾದ ಕ್ಯಾಂಪ್ ಲೆಜೂನ್ ಅವರ ಕ್ಷೇತ್ರದಲ್ಲಿದೆ. 2002ರಲ್ಲಿ ಜೋನ್ಸ್ ಯುದ್ಧದ ಪರವಾಗಿ ಮತ ಹಾಕಿದರು. 2003ರ ಮಾರ್ಚಿನಲ್ಲಿ ಫ್ರಾನ್ಸ್ ಯುದ್ಧವನ್ನು ವಿರೋಧಿಸಿದ್ದಕ್ಕಾಗಿ ಪ್ರತಿನಿಧಿ ಸಭೆಯ ಉಪಾಹಾರಗೃಹಗಳಲ್ಲಿ ‘ಫ್ರೆಂಚ್ ಫ್ರೈಸ್’ ಎಂಬ ಆಲೂಗಡ್ಡೆಯ ತಿಂಡಿಯ ಹೆಸರನ್ನು ‘ಫ್ರೀಡಂ ಫ್ರೈಸ್’ ಎಂದು ಬದಲಿಸಿದ ಇಬ್ಬರಲ್ಲಿ ಅವರೂ ಒಬ್ಬರು. ಸ್ವಾತಂತ್ರ್ಯವೆಂಬ ಪದ ಎಷ್ಟು ಅಗ್ಗವಾಗಿತ್ತು ಎಂಬುದಕ್ಕೆ ಭಾಷಾವಿಜ್ಞಾನದ ವಿದ್ಯಾರ್ಥಿ ಬೇರೆ ನಿದರ್ಶನವನ್ನು ಹುಡುಕಬೇಕಾಗಿಲ್ಲ. 2006ರಲ್ಲಿ ಆ ಹೆಸರು ಸದ್ದಿಲ್ಲದೆ ಮರಳಿತು.

ಯುದ್ಧ ಶುರುವಾದ ಕೆಲವೇ ವಾರಗಳಲ್ಲಿ ಜೋನ್ಸ್ ತಮ್ಮ ಕ್ಷೇತ್ರದ ಯೋಧನೊಬ್ಬನ ಶವಸಂಸ್ಕಾರಕ್ಕೆ ಹೋಗಿದ್ದರು. ಅಲ್ಲಿಂದ ಅವರ ಮನಸ್ಸು ತಿರುಗಿತೆಂದು ಮುಂದೆ ಅವರೇ ಹಲವು ಬಾರಿ ಹೇಳಿದರು. 2005ರಲ್ಲಿ ಸೈನ್ಯವನ್ನು ಹಿಂದಕ್ಕೆ ಕರೆಸಬೇಕೆಂದು ಬಹಿರಂಗವಾಗಿ ಒತ್ತಾಯಿಸಿದರು. ಇರಾಕ್ ಮತ್ತು ಅಫ್ಘಾನಿಸ್ತಾನಗಳಲ್ಲಿ ಮಡಿದವರ ಕುಟುಂಬಗಳಿಗೆ 11,000ಕ್ಕೂ ಮೀರಿ ಪತ್ರಗಳನ್ನು ಬರೆದು ಸಹಿ ಮಾಡಿದರು. ತಮ್ಮ ಮತಕ್ಕೆ ಅದು ಪ್ರಾಯಶ್ಚಿತ್ತವೆಂದು ಭಾವಿಸಿದ್ದರು. ಮಡಿದ ಯೋಧರ ಚಿತ್ರಗಳನ್ನು ಕಚೇರಿಯ ಹೊರಗೋಡೆಯಲ್ಲಿ ಸಾಲಾಗಿ ತೂಗಹಾಕಿದ್ದರು. ಪಕ್ಷದ ನಾಯಕತ್ವ ಅವರನ್ನು ದೂರವಿರಿಸಿತು, ಪಕ್ಷದೊಳಗಿನ ಪ್ರತಿಸ್ಪರ್ಧಿಗಳಿಗೆ ಹೊರಗಿನಿಂದ ಹಣ ಹರಿದುಬಂದಿತು. ಆದರೂ ಸೈನಿಕರೇ ತುಂಬಿದ ಆ ಕ್ಷೇತ್ರ 2019ರ ಫೆಬ್ರುವರಿಯಲ್ಲಿ ಅವರು ತೀರಿಕೊಳ್ಳುವವರೆಗೂ ಅವರನ್ನೇ ಆರಿಸಿತು. ವಾಷಿಂಗ್ಟನ್ನಿನ ಪಕ್ಷನಾಯಕತ್ವಕ್ಕೆ ತಿಳಿಯದ ಸಂಗತಿಯೊಂದು ಆ ಮತದಾರರಿಗೆ ಆಗಲೇ ತಿಳಿದಿತ್ತು.

ಅಮೆರಿಕದ ರಾಜ್ಯಶಾಸ್ತ್ರದಲ್ಲಿ ಪಕ್ಷಗಳ ಸಾಮಾಜಿಕ ತಳಹದಿಯೇ ಪಲ್ಲಟಗೊಳ್ಳುವುದಕ್ಕೆ ‘ರಿಅಲೈನ್‌ಮೆಂಟ್’ ಎಂಬ ಪರಿಭಾಷೆ ಇದೆ. 1955ರಲ್ಲಿ ವಿ.ಓ. ಕೀ ಮಂಡಿಸಿದ ನಿರ್ಣಾಯಕ ಚುನಾವಣೆಗಳ ಸಿದ್ಧಾಂತದಿಂದ ಇದು ಬೆಳೆಯಿತು. 2002ರಲ್ಲಿ ಡೇವಿಡ್ ಮೇಹ್ಯೂ ಈ ಇಡೀ ಪ್ರಕಾರವನ್ನೇ ಪ್ರಶ್ನಿಸಿದರು. ಸಿದ್ಧಾಂತದ ಚರ್ಚೆ ಏನೇ ಇರಲಿ, ನೆಲದ ಮೇಲೆ ಆದ ಪಲ್ಲಟ ಕಣ್ಣಿಗೆ ಕಾಣುವಂಥದು. ಕಲ್ಲಿದ್ದಲ ಗಣಿಗಳ, ಕಾರ್ಮಿಕ ಸಂಘಟನೆಗಳ ಪಶ್ಚಿಮ ವರ್ಜೀನಿಯಾ 1996ರಲ್ಲಿ ಕ್ಲಿಂಟನ್ನರನ್ನು ಗೆಲ್ಲಿಸಿತ್ತು. 2000ದಿಂದ ಈಚೆಗೆ ಒಂದು ಬಾರಿಯೂ ಡೆಮಾಕ್ರಟಿಕ್ ಅಭ್ಯರ್ಥಿಯನ್ನು ಅಧ್ಯಕ್ಷ ಸ್ಥಾನಕ್ಕೆ ಆರಿಸಿಲ್ಲ. ಈ ಪಲ್ಲಟಕ್ಕೆ ಜನಾಂಗದ್ವೇಷ, ವಲಸೆ, ಕಾರ್ಖಾನೆಗಳ ಮುಚ್ಚುಗಡೆ, ಧರ್ಮ ಮೊದಲಾದ ಕಾರಣಗಳನ್ನು ವಿದ್ವಾಂಸರು ಪಟ್ಟಿಮಾಡುತ್ತಾರೆ. ಯುದ್ಧ ಆ ಪಟ್ಟಿಯಲ್ಲಿ ಅಪರೂಪಕ್ಕೆ ಬರುತ್ತದೆ. ಕಡ್ಡಾಯ ಸೈನ್ಯಸೇವೆ 1973ರಲ್ಲಿ ಕೊನೆಗೊಂಡ ಮೇಲೆ ಯುದ್ಧದ ಭಾರ ಇಡೀ ದೇಶದ ಮೇಲೆ ಸಮವಾಗಿ ಬೀಳುವುದು ನಿಂತುಹೋಯಿತು. ಕೆಲವು ಊರುಗಳು ಮಕ್ಕಳನ್ನು ಕಳುಹಿಸುತ್ತವೆ, ಉಳಿದ ಊರುಗಳು ದೂರದರ್ಶನದಲ್ಲಿ ನೋಡುತ್ತವೆ. ಡಗ್ಲಾಸ್ ಕ್ರೈನರ್ ಮತ್ತು ಫ್ರಾನ್ಸಿಸ್ ಶೆನ್ 2017ರಲ್ಲಿ ನಡೆಸಿದ ಅಧ್ಯಯನ ಇರಾಕ್ ಮತ್ತು ಅಫ್ಘಾನಿಸ್ತಾನಗಳಲ್ಲಿ ಹೆಚ್ಚು ಸಾವುನೋವುಗಳನ್ನು ಕಂಡ ಸಮುದಾಯಗಳಿಗೂ 2016ರಲ್ಲಿ ಟ್ರಂಪ್ ಅವರಿಗೆ ಬಿದ್ದ ಮತಗಳಿಗೂ ಸಂಬಂಧವಿರುವುದನ್ನು ತೋರಿಸಿತು. ಮಿಷಿಗನ್, ಪೆನ್ಸಿಲ್ವೇನಿಯಾ, ವಿಸ್ಕಾನ್ಸಿನ್ ಮೂರರಲ್ಲೂ ಸೇರಿ ಗೆಲುವಿನ ಅಂತರ ಸುಮಾರು 78,000 ಮತಗಳು ಮಾತ್ರ. ಸಾವಿನ ಪ್ರಮಾಣ ಸ್ವಲ್ಪ ಕಡಿಮೆ ಇದ್ದಿದ್ದರೆ ಆ ಮೂರು ರಾಜ್ಯಗಳ ಫಲಿತಾಂಶ ಬೇರೆಯಾಗಿರಬಹುದಿತ್ತೆಂಬ ಅವರ ಊಹೆಯನ್ನು ಊಹೆಯೆಂದೇ ಸ್ವೀಕರಿಸಬೇಕು. ಸಂಬಂಧವೇ ಕಾರಣವಲ್ಲ. ಆದರೂ ನಿಸ್ಬೆಟ್ 1953ರಲ್ಲಿ ಹೇಳಿದ್ದಕ್ಕೆ ಇದಕ್ಕಿಂತ ಹತ್ತಿರದ ಅಂಕಿಅಂಶದ ಸಾಕ್ಷ್ಯ ಸಿಗುವುದು ಕಷ್ಟ.

2016ರ ಫೆಬ್ರುವರಿ 13ರಂದು ದಕ್ಷಿಣ ಕ್ಯಾರೊಲೈನಾದ ಗ್ರೀನ್‌ವಿಲ್‌ನಲ್ಲಿ ನಡೆದ ಚರ್ಚೆಯಲ್ಲಿ ಟ್ರಂಪ್ ಇರಾಕ್ ಯುದ್ಧವನ್ನು ದೊಡ್ಡ ತಪ್ಪೆಂದು ಕರೆದು, ವಿನಾಶಕಾರಿ ಅಸ್ತ್ರಗಳ ಬಗ್ಗೆ ಸುಳ್ಳು ಹೇಳಲಾಯಿತೆಂದು ಆರೋಪಿಸಿದರು. ಎದುರಿಗೆ ನಿಂತಿದ್ದವರು ಆ ಅಧ್ಯಕ್ಷರ ತಮ್ಮ ಜೆಬ್ ಬುಷ್. ಸಭಿಕರು ಕೂಗಿ ಮೂದಲಿಸಿದರು. ಮಾಜಿ ಸೈನಿಕರು ಹೇರಳವಾಗಿರುವ ರಾಜ್ಯವದು; ಒಂದು ವಾರದ ನಂತರ ಟ್ರಂಪ್ ಅಲ್ಲಿ ಎಲ್ಲ 50 ಪ್ರತಿನಿಧಿಗಳನ್ನೂ ಗೆದ್ದರು, ಜೆಬ್ ಬುಷ್ ಅದೇ ರಾತ್ರಿ ಕಣದಿಂದ ಹೊರಬಂದರು. ಇದೇ ಟ್ರಂಪ್ 2002ರ ಸೆಪ್ಟೆಂಬರಿನಲ್ಲಿ ರೇಡಿಯೋ ಸಂದರ್ಶನವೊಂದರಲ್ಲಿ ಆ ದಾಳಿಗೆ ಅರೆಮನಸ್ಸಿನ ಸಮ್ಮತಿಯನ್ನು ಕೊಟ್ಟಿದ್ದವರು ಎಂಬುದನ್ನು ಇಲ್ಲಿ ಸೇರಿಸಲೇಬೇಕು. ಬೆಲೆ ತೆತ್ತು ಭಿನ್ನಮತವನ್ನು ಕಾಪಾಡಿದವರು ಒಬ್ಬರು, ಅದರ ಫಸಲನ್ನು ಕೊಯ್ದವರು ಇನ್ನೊಬ್ಬರು.

ಆನಂತರದ ದಶಕದಲ್ಲಿ ಜನರು ಪಕ್ಷ ಬದಲಿಸಿದ ದಿಕ್ಕನ್ನು ಗಮನಿಸಿದರೆ ಸಾಕು. ದೇಶಭಕ್ತಿಯಿಲ್ಲದವರೆಂದು ಇತರರನ್ನು ಬಹಿಷ್ಕರಿಸಿದ ಫ್ರಮ್ 2016ರಲ್ಲಿ ಹಿಲರಿ ಕ್ಲಿಂಟನ್ ಅವರಿಗೆ ಮತ ಹಾಕಿದರು. ರಾಬರ್ಟ್ ಕಾಗನ್ ಅದೇ ವರ್ಷ ಪಕ್ಷವನ್ನು ತೊರೆದರು. ಇರಾಕ್ ಯುದ್ಧದ ಬೌದ್ಧಿಕ ಮುಖವಾಣಿಯಾಗಿದ್ದ ‘ವೀಕ್ಲಿ ಸ್ಟ್ಯಾಂಡರ್ಡ್’ 2018ರಲ್ಲಿ ಮುಚ್ಚಿತು. ಆ ಯುದ್ಧದ ಪ್ರಮುಖ ಶಿಲ್ಪಿ ಡಿಕ್ ಚೇನಿ 2024ರ ಸೆಪ್ಟೆಂಬರಿನಲ್ಲಿ ಕಮಲಾ ಹ್ಯಾರಿಸ್ ಅವರಿಗೆ ಬೆಂಬಲ ಸಾರಿದರು. ಅದೇ ಚುನಾವಣೆಯಲ್ಲಿ ಅರಬ್ ಮೂಲದವರು ಬಹುಸಂಖ್ಯಾತರಾಗಿರುವ ಮಿಷಿಗನ್ನಿನ ಡಿಯರ್‌ಬಾರ್ನ್ ಪಟ್ಟಣದಲ್ಲಿ, ಗಾಜಾದ ಯುದ್ಧದ ನೆರಳಿನಲ್ಲಿ, ಟ್ರಂಪ್ ಅವರಿಗೆ ಉಳಿದೆಲ್ಲರಿಗಿಂತ ಹೆಚ್ಚು ಮತಗಳು ಬಂದವು. 2024ರ ಏಪ್ರಿಲ್ 20ರಂದು ಉಕ್ರೇನಿಗೆ ಸುಮಾರು 6,100 ಕೋಟಿ ಡಾಲರ್ ನೆರವಿನ ಮಸೂದೆ ಪ್ರತಿನಿಧಿ ಸಭೆಯಲ್ಲಿ 311-112 ಮತಗಳಿಂದ ಗೆದ್ದಾಗ ವಿರೋಧಿಸಿದ 112 ಮಂದಿಯೂ ರಿಪಬ್ಲಿಕನ್ನರೇ. ಪರವಾಗಿ ಮತ ಹಾಕಿದ ರಿಪಬ್ಲಿಕನ್ನರು 101. 2002ರಲ್ಲಿ ಆರು ಇದ್ದದ್ದು 112 ಆಗುವುದಕ್ಕೆ ಇಪ್ಪತ್ತೆರಡು ವರ್ಷಗಳು ಬೇಕಾದವು. ಎರಡೂ ಸಂದರ್ಭಗಳು ಒಂದೇ ಬಗೆಯವಲ್ಲ ಎಂಬುದು ನಿಜ. ಒಂದರಲ್ಲಿ ಅಮೆರಿಕವೇ ಆಕ್ರಮಣಕಾರಿ, ಇನ್ನೊಂದರಲ್ಲಿ ರಷ್ಯಾದ ಆಕ್ರಮಣಕ್ಕೆ ತುತ್ತಾದ ದೇಶಕ್ಕೆ ನೆರವಿನ ಪ್ರಶ್ನೆ. ಈ ವ್ಯತ್ಯಾಸವನ್ನು ಹೊಸ ಯುದ್ಧವಿರೋಧಿಗಳು ಆಗಾಗ ಅಳಿಸಿಹಾಕುತ್ತಾರೆ. ಆಕ್ರಮಣಕ್ಕೊಳಗಾದವನಿಗೂ ಒಂದು ಊರು, ಒಂದು ನೆಲ ಇರುತ್ತದೆ ಎಂಬ ಬರ್ಕ್‌ನ ಪಾಠ ಅಲ್ಲಿ ಕಾಣೆಯಾಗಿದೆ.

ಇಲ್ಲಿಯವರೆಗಿನ ವಿವರಗಳನ್ನು ಓದಿದವರಿಗೆ ಹಳೆಯ ಸಂಪ್ರದಾಯವಾದದ ಬಗ್ಗೆ ಮೆಚ್ಚುಗೆ ಮೂಡುವುದು ಸಹಜ. ಆ ಮೆಚ್ಚುಗೆಗೆ ಒಂದು ಮಿತಿಯಿದೆ. 2024ರ ಜುಲೈಯಲ್ಲಿ ಉಪಾಧ್ಯಕ್ಷ ಸ್ಥಾನದ ಉಮೇದುವಾರಿಕೆಯನ್ನು ಸ್ವೀಕರಿಸಿದ ಭಾಷಣದಲ್ಲಿ ಜೆ.ಡಿ. ವ್ಯಾನ್ಸ್ ಅಮೆರಿಕ ಬರಿಯ ಒಂದು ಪರಿಕಲ್ಪನೆಯಲ್ಲ, ಒಂದು ತಾಯ್ನೆಲ ಎಂಬ ಅರ್ಥದ ಮಾತುಗಳನ್ನಾಡಿ, ಪೂರ್ವ ಕೆಂಟಕಿಯಲ್ಲಿರುವ ತಮ್ಮ ಮನೆತನದ ಸ್ಮಶಾನವನ್ನು ನೆನೆದರು. ಅಲ್ಲಿ ತಲೆತಲಾಂತರದವರು ಮಲಗಿದ್ದಾರೆ, ತಾವೂ ತಮ್ಮ ಮಕ್ಕಳೂ ಅಲ್ಲಿಯೇ ಸೇರುವರೆಂದರು. ಇರಾಕಿನಲ್ಲಿ ಸೇವೆ ಸಲ್ಲಿಸಿ ಬಂದವನ ಬಾಯಲ್ಲಿ ಈ ಮಾತಿಗೆ ತೂಕವಿದೆ. ಹೆಂಡತಿ ತೆಲುಗು ಮೂಲದ ವಲಸಿಗ ದಂಪತಿಗಳ ಮಗಳೆಂಬುದು ಅದಕ್ಕೆ ಇನ್ನೊಂದು ಮಗ್ಗುಲನ್ನು ಕೊಡುತ್ತದೆ. ರಾಷ್ಟ್ರ ಎಂದರೆ ತತ್ವ ಎಂದವರು ಆ ತತ್ವವನ್ನು ಬಾಂಬುಗಳೊಂದಿಗೆ ಬಾಗ್ದಾದಿಗೆ ಒಯ್ದರು. ಆದರೆ ಅವರ ರಾಷ್ಟ್ರಕ್ಕೆ ಆ ತತ್ವವನ್ನೊಪ್ಪಿದ ಯಾರು ಬೇಕಾದರೂ ಸೇರಬಹುದಿತ್ತು. ಬುಷ್ ಅವರೇ 2007ರಲ್ಲಿ ವಲಸೆ ಸುಧಾರಣೆಯ ಮಸೂದೆಗಾಗಿ ಶ್ರಮಿಸಿ ಸ್ವಪಕ್ಷೀಯರಿಂದಲೇ ಸೋಲನ್ನು ಕಂಡರು. ರಾಷ್ಟ್ರ ಎಂದರೆ ನೆಲ, ಗೋರಿ, ರಕ್ತಸಂಬಂಧ ಎಂದವರು ಬಾಗ್ದಾದಿಗೆ ಹೋಗಬೇಡಿರೆಂದರು. ಅದೇ ಉಸಿರಿನಲ್ಲಿ ಬಾಗಿಲನ್ನು ಮುಚ್ಚಿರೆಂದೂ ಹೇಳಿದರು. ಬುಕ್ಯಾನನ್ 1992ರಿಂದಲೂ ಎರಡನ್ನೂ ಒಟ್ಟಿಗೇ ಹೇಳುತ್ತ ಬಂದವರು. ಯುದ್ಧವಿರೋಧ ಮತ್ತು ವಲಸೆವಿರೋಧ ಅಲ್ಲಿ ಒಂದೇ ಬೇರಿನ ಎರಡು ಟಿಸಿಲುಗಳು. ಒಂದನ್ನು ಕಿತ್ತು ಇನ್ನೊಂದನ್ನು ನೀರೆರೆದು ಬೆಳೆಸುವುದು ಅಷ್ಟು ಸರಳವಲ್ಲ.

ಕನ್ನಡಿಗರಿಗೆ ಇದು ದೂರದ ಮಾತಲ್ಲ. ಎಚ್-1ಬಿ ವೀಸಾ ಪಡೆಯುವವರಲ್ಲಿ ಹತ್ತರಲ್ಲಿ ಸುಮಾರು ಏಳು ಮಂದಿ ಭಾರತದಲ್ಲಿ ಹುಟ್ಟಿದವರು. ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಉದ್ಯಮ ಬೆಳೆದದ್ದೇ ಈ ಹಾದಿಯ ಜೊತೆಜೊತೆಗೆ. 2024ರ ಡಿಸೆಂಬರಿನಲ್ಲಿ ಈ ವೀಸಾದ ವಿಷಯವಾಗಿ ಟ್ರಂಪ್ ಬೆಂಬಲಿಗರೊಳಗೇ ದೊಡ್ಡ ಕಲಹವಾಯಿತು. ಮಸ್ಕ್ ಮತ್ತು ವಿವೇಕ್ ರಾಮಸ್ವಾಮಿ ಒಂದು ಕಡೆ, ಸ್ಟೀವ್ ಬ್ಯಾನನ್ ಮೊದಲಾದವರು ಇನ್ನೊಂದು ಕಡೆ. 2025ರ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕವನ್ನು ವಿಧಿಸುವ ಘೋಷಣೆ ಹೊರಬಿದ್ದಿತು. 2025ರ ಜೂನಿನಲ್ಲಿ ಇರಾನಿನ ಮೇಲಿನ ದಾಳಿಯನ್ನು ಬೇಡವೆಂದವರ ಮುಂಚೂಣಿಯಲ್ಲಿದ್ದವರೂ ಇದೇ ಬ್ಯಾನನ್. ಅಮೆರಿಕದ ಕನ್ನಡ ಕೂಟಗಳಲ್ಲಿ ರಾಜ್ಯೋತ್ಸವವನ್ನು ಆಚರಿಸುವವರ ಮಕ್ಕಳನ್ನು ಆ ದೇಶ ಯಾವ ಆಧಾರದ ಮೇಲೆ ತನ್ನವರೆಂದು ಎಣಿಸುತ್ತದೆ ಎಂಬ ಪ್ರಶ್ನೆಯೂ, ಆ ದೇಶ ಯಾವ ಆಧಾರದ ಮೇಲೆ ಯುದ್ಧಕ್ಕೆ ಹೋಗುತ್ತದೆ ಎಂಬ ಪ್ರಶ್ನೆಯೂ ಒಂದೇ ವಾಗ್ವಾದದೊಳಗಿವೆ. ನಾಡು, ನುಡಿ, ನೆಲದ ಪರಿಭಾಷೆಯಲ್ಲಿಯೇ ಯೋಚಿಸಿ ರೂಢಿಯಿರುವ ಕನ್ನಡದ ವಿದ್ವತ್ ವಲಯಕ್ಕೆ ಈ ಇಕ್ಕಟ್ಟು ಅಪರಿಚಿತವಾಗಿ ತೋರಬಾರದು.

ಇನ್ನೊಂದು ಮಿತಿ ಇದಕ್ಕಿಂತ ಗಂಭೀರವಾದುದು. ಜೋನ್ಸ್ ಬರೆದ ಪತ್ರಗಳೆಲ್ಲ ಅಮೆರಿಕದ ವಿಳಾಸಗಳಿಗೆ ಹೋದವು. ಇರಾಕಿನಲ್ಲಿ ಸತ್ತ ಅಮೆರಿಕನ್ ಸೈನಿಕರು ಸುಮಾರು 4,400. ಇರಾಕಿನ ನಾಗರಿಕರ ಸಾವು ಕನಿಷ್ಠ ಲೆಕ್ಕದಲ್ಲಿಯೂ ಲಕ್ಷವನ್ನು ಮೀರುತ್ತದೆ. ಹಳೆಯ ಸಂಪ್ರದಾಯವಾದಿಗಳ ಬರವಣಿಗೆಯಲ್ಲಿ ಈ ಎರಡನೆಯ ಸಂಖ್ಯೆಗೆ ಸಿಗುವ ಸ್ಥಳ ಅತ್ಯಲ್ಪ. ಆಂಡ್ರೂ ಬಾಸೆವಿಚ್ ಅವರಂಥ ಕೆಲವರು ಅಪವಾದ. ನಿವೃತ್ತ ಸೇನಾಧಿಕಾರಿಯೂ ಇತಿಹಾಸಕಾರರೂ ಆದ ಅವರು ತಮ್ಮನ್ನು ಸಂಪ್ರದಾಯವಾದಿಯೆಂದೇ ಕರೆದುಕೊಳ್ಳುತ್ತಾರೆ. ಸೈನ್ಯಾರಾಧನೆಯನ್ನು ಖಂಡಿಸಿದ ಅವರ ಗ್ರಂಥ 2005ರಲ್ಲಿ ಬಂದಿತು, 2007ರಲ್ಲಿ ಅವರ ಮಗ ಇರಾಕಿನಲ್ಲಿ ಮಡಿದನು. ಉಳಿದಂತೆ, ದೂರದ ನೆಲದ ಹಳೆಯ ಸಮಾಜವೊಂದು ಮುರಿದುಬಿದ್ದಾಗ ಬರ್ಕ್‌ನಿಗೆ ಆರ್ಕಾಟಿನ ರೈತನ ಬಗ್ಗೆ ಹುಟ್ಟಿದ ಆಕ್ರೋಶ ಅವನ ಅಮೆರಿಕನ್ ವಾರಸುದಾರರಿಗೆ ಬಾಗ್ದಾದಿನವರ ಬಗ್ಗೆ ಹುಟ್ಟಲಿಲ್ಲ. ತಮ್ಮವರ ಹೆಣಗಳನ್ನಷ್ಟೇ ಎಣಿಸುವ ಯುದ್ಧವಿರೋಧ, ತಮ್ಮವರಾರೂ ಸಾಯದ ಯುದ್ಧವನ್ನು ಎದುರಿಸಲಾರದು.

2025ರ ಜೂನ್ ಈ ಮಾತಿಗೆ ಪರೀಕ್ಷೆಯಾಯಿತು. ಇಸ್ರೇಲ್ ಜೂನ್ 13ರಂದು ಇರಾನಿನ ಮೇಲೆ ದಾಳಿ ಆರಂಭಿಸಿತು. ಜೂನ್ 22ರ ನಸುಕಿನಲ್ಲಿ ಅಮೆರಿಕದ ಬಿ-2 ವಿಮಾನಗಳು ಫೋರ್ಡೊ ಮತ್ತು ನತಾಂಜ್‌ಗಳ ಅಣುಕೇಂದ್ರಗಳ ಮೇಲೆ ಬಾಂಬು ಸುರಿದು ಹಿಂದಿರುಗಿದವು, ಇಸ್ಫಹಾನ್ ಕ್ಷಿಪಣಿಗಳಿಗೆ ಗುರಿಯಾಯಿತು. ಆ ಕಾರ್ಯಾಚರಣೆಯಲ್ಲಿ ಯಾವ ಅಮೆರಿಕನ್ನನೂ ಸಾಯಲಿಲ್ಲ. ದಾಳಿಗೆ ಮುನ್ನ ಟಕರ್ ಕಾರ್ಲ್‌ಸನ್ ಸೆನೆಟರ್ ಟೆಡ್ ಕ್ರೂಜ್ ಅವರನ್ನು ಇರಾನಿನ ಜನಸಂಖ್ಯೆ ಎಷ್ಟೆಂದು ಕೇಳಿ ನಿರುತ್ತರಗೊಳಿಸಿದ ಸಂದರ್ಶನ ಬಹಳ ಜನಪ್ರಿಯವಾಗಿತ್ತು. ದಾಳಿಯಾದ ಮೇಲೆ ಆ ವಿರೋಧ ಬಹುಬೇಗ ತಣ್ಣಗಾಯಿತು. ಕೆಂಟಕಿಯ ಥಾಮಸ್ ಮಾಸ್ಸಿ ಡೆಮಾಕ್ರಟಿಕ್ ಪಕ್ಷದ ರೋ ಖನ್ನಾ ಅವರೊಂದಿಗೆ ಸೇರಿ ಅಧ್ಯಕ್ಷರ ಯುದ್ಧಾಧಿಕಾರವನ್ನು ಕಟ್ಟಿಹಾಕುವ ನಿರ್ಣಯವನ್ನು ಮಂಡಿಸಿದ್ದರು. ಅಧ್ಯಕ್ಷರು ಬಹಿರಂಗವಾಗಿಯೇ ಮಾಸ್ಸಿಯವರ ಮೇಲೆ ಹರಿಹಾಯ್ದರು. ಅಂಥದೇ ಇನ್ನೊಂದು ನಿರ್ಣಯ ಜೂನ್ 27ರಂದು ಸೆನೆಟಿನಲ್ಲಿ ಮತಕ್ಕೆ ಬಂದು 47-53ರಿಂದ ಬಿದ್ದುಹೋಯಿತು. ಟಾಫ್ಟ್ 1950ರಲ್ಲಿ ಕೇಳಿದ್ದ ಪ್ರಶ್ನೆಯೇ ಅದರ ತಿರುಳಾಗಿತ್ತು. ಅಮೆರಿಕದ ಕಾಂಗ್ರೆಸ್ ವಿಧಿವತ್ತಾಗಿ ಯುದ್ಧ ಘೋಷಿಸಿದ್ದು 1942ರಲ್ಲಿಯೇ ಕೊನೆ. ನಿರ್ಣಯದ ಪರವಾಗಿ ಮತ ಹಾಕಿದ ರಿಪಬ್ಲಿಕನ್ ಸೆನೆಟರ್ ಕೆಂಟಕಿಯ ರ‍್ಯಾಂಡ್ ಪಾಲ್ ಒಬ್ಬರೇ. 2002ರಲ್ಲಿಯೂ ಸೆನೆಟಿನಲ್ಲಿ ಆ ಪಕ್ಷದ ಭಿನ್ನಮತೀಯರ ಸಂಖ್ಯೆ ಒಂದೇ ಆಗಿತ್ತು.